ಕಲಬೆರಕೆ ಭರಣಿ

ಪಾತಲಿಂಗಪ್ಪನವರು ಇಪ್ಪತ್ತೊಂದು ವರ್ಷದ ಮೇಲೆ ಮತ್ತೆ ಹಾಡು ಕಟ್ಟಿದ್ದಾರಂತೆ, ಬರುವ ಸೋಮವಾರದಿಂದ ಒಂಬತ್ತು ದಿನ, ದಿನಕ್ಕೊಂದರಂತೆ ಸಂತೆ ಮೈದಾನದಲ್ಲಿ ಹಾಡುತ್ತಾರಂತೆ ಎಂದು ತಮಟೆ ಹೊಡೆದು ಸಾರಿದ ದಿನ ನಾನು ಹುಣಸೆಹಣ್ಣು ನೆನೆಹಾಕಿ, ಒಲೆಯ ಬೂದಿಯನ್ನು ಜರಡಿ ಹಿಡಿದು, ಸೆರಗು ಸಿಕ್ಕಿಸಿಕೊಂಡು ಜಗುಲಿಯ ಮೇಲೆ ಕೂತೆ. ಇಂದು ಮನೆ ಮುಂದೆ ಭರಣಿಗಳ ಸಾಲು ನಿಲ್ಲುತ್ತದೆ ಎಂದುಕೊಂಡಿದ್ದೆ. ಸಂಜೆಯಾಯಿತು. ಒಂದು ಭರಣಿಯೂ ಬರಲಿಲ್ಲ. ಹುಣಸೆಹಣ್ಣನ್ನು ಸುಮ್ಮನೆ ಸಾರಿಗೆ ಹಾಕಿದೆ.

ನಮ್ಮೂರಲ್ಲಿ ಭರಣಿ ತೊಳೆಯುವವಳು ನಾನೊಬ್ಬಳೇ. ಅತ್ತೆಯಿಂದ ಬಂದ ಕಸುಬು. ಮನೆಗೊಂದು ಭರಣಿ, ಭರಣಿಗೊಂದು ಹಾಡು. ಆಸೆಬಿದ್ದು ಎರಡನೆಯದನ್ನು ತಂದಿಟ್ಟರೆ ಎರಡೂ ಮೂಕವಾಗುತ್ತವೆ. ಹಾಡು ಕಟ್ಟಿದವರು ಮೈದಾನದಲ್ಲಿ ಮೊದಲ ಸಲ ಹಾಡುವಾಗ ತೊಳೆದ ಭರಣಿಯ ಬಾಯಿ ತೆರೆದು ಮಡಿಲಲ್ಲಿ ಇಟ್ಟುಕೊಂಡು ಕೂತರೆ ಹಾಡು ಬಂದು ಕೂರುತ್ತದೆ. ಮನೆಗೆ ತಂದು ಮುಚ್ಚಳ ತೆಗೆದರೆ ಹಾಡುತ್ತದೆ. ಮುಚ್ಚಿದರೆ ನಿಲ್ಲುತ್ತದೆ. ಮತ್ತೆ ತೆಗೆದರೆ ನಿಂತ ಕಡೆಯಿಂದಲೇ ಮುಂದುವರಿಯುತ್ತದೆ. ತುಂಬಿದ ಭರಣಿಯನ್ನು ಬಯಲಲ್ಲಿ ಮಾತ್ರ ತೆಗೆಯಬಾರದು. ತಲೆಯ ಮೇಲೆ ಸೂರಿಲ್ಲದಿದ್ದರೆ ಹಾಡು ಹೊರಟೇಹೋಗುತ್ತದೆ, ಕೂಗಿದರೂ ತಿರುಗಿ ನೋಡುವುದಿಲ್ಲ. ಯಾಕೆ ಹೀಗೆ ಎಂದು ಕೇಳುವವರು ಪರವೂರಿನವರು. ಅವರಿಗೆ ನಮ್ಮ ಅತ್ತೆ, “ಹಾಲು ಯಾಕೆ ಹೆಪ್ಪಾಗ್ತದೆ ಅಂತ ಮೊದ್ಲು ನೀನು ಹೇಳಪ್ಪ, ಆಮ್ಯಾಕೆ ಇದನ್ನ ನಾನು ಹೇಳ್ತೀನಿ” ಎನ್ನುತ್ತಿದ್ದರು.

ಹಾಗಾಗಿ ಹೊಸ ಹಾಡು ಬೇಕೆಂದರೆ ಹಳೆಯದನ್ನು ತೊಳೆಯಬೇಕು. ತೊಳೆಯುವ ಮುಂಚೆ ಮನೆಯವರೂ ನಾನೂ ಎದುರುಬದುರು ಕೂತು ಆ ಹಾಡನ್ನು ಕೊನೆಯ ಸಲ ಪೂರ್ತಿ ಕೇಳಬೇಕು. ಇದಕ್ಕೆ ಕಡೆಗೇಳಿಕೆ ಎನ್ನುತ್ತೇವೆ. ನಾನು ಓದಿದವಳಲ್ಲ. ಅಕ್ಷರ ಕಲಿತದ್ದು ಭರಣಿಗಳ ಬಾಯಿಗೆ ಕಟ್ಟುವ ಬಟ್ಟೆಯ ಮೇಲೆ ಬರೆದಿರುತ್ತಿದ್ದ ಹಾಡಿನ ಹೆಸರುಗಳಿಂದ. ಆದರೆ ಜನ ಅಳುವುದರಲ್ಲಿ ಎಷ್ಟು ಬಗೆ ಅಂತ ಕೇಳಿ, ಹೇಳುತ್ತೇನೆ. ನಲವತ್ತು ವರ್ಷದಲ್ಲಿ ಅಷ್ಟು ಕಡೆಗೇಳಿಕೆ ಕೂತಿದ್ದೇನೆ.

ಪಾತಲಿಂಗಪ್ಪನವರದು ಸ್ಟವ್ ರಿಪೇರಿ ಅಂಗಡಿ. ಸ್ಟವ್ವಿಗೆ ಪಿನ್ನು ಚುಚ್ಚುತ್ತಾ ಚುಚ್ಚುತ್ತಾ ಹಾಡು ಕಟ್ಟಿದ ಮನುಷ್ಯ. ವಯಸ್ಸಿನಲ್ಲಿ ಏಳು ಕಟ್ಟು ಹಾಡಿದರು, ಕಟ್ಟಿಗೆ ಒಂಬತ್ತರಂತೆ. ನಮ್ಮೂರ ನಾನೂರು ಮನೆಗಳಲ್ಲಿ ಮುನ್ನೂರಕ್ಕೂ ಹೆಚ್ಚು ಭರಣಿಗಳಲ್ಲಿ ಅವರದೇ ದನಿ. ಅದರಲ್ಲೂ ಮೂರನೇ ಕಟ್ಟಿನ ಕೆರೆ ಏರಿಯ ಹಾಡು ಮೂರು ಮನೆಗೆ ಒಂದರಲ್ಲಿ ಇದ್ದೇ ಇರುತ್ತಿತ್ತು.

ಕೆರೆ ಏರಿ ಮ್ಯಾಲೆ ನಿಂತು ಕೈಬೀಸಿದೋಳೆ, ನೀ ಬೀಸಿದ ಗಾಳಿ ಇನ್ನೂ ನಿಂತಿಲ್ಲ.

ಬೆಳಿಗ್ಗೆ ಬೀದಿಯಲ್ಲಿ ನಡೆದರೆ ಒಂದು ಮನೆಯಲ್ಲಿ ಕೈಬೀಸುತ್ತಿದ್ದಳು, ಇನ್ನೊಂದು ಮನೆಯಲ್ಲಿ ಗಾಳಿ ನಿಂತಿರುತ್ತಿರಲಿಲ್ಲ. ಆ ದನಿಯೋ, ಕಾಸಿದ ಬೆಲ್ಲ. ಏಳನೇ ಕಟ್ಟು ಆದಮೇಲೆ ಅವರು ಬಾಯಿ ಮುಚ್ಚಿದರು. ಯಾಕೆಂದು ಯಾರಿಗೂ ಗೊತ್ತಾಗಲಿಲ್ಲ. ಸ್ಟವ್ ಒಯ್ದವರೆಲ್ಲ “ಪಾತಣ್ಣ, ಒಂದ್ಸಲ ಕೆರೆ ಏರಿ ಅನ್ನಣ್ಣ” ಎನ್ನುವುದು, ಅವರು ಮೂಗಿನಲ್ಲಿ ನಕ್ಕು ವಾಷರ್ ಬದಲಾಯಿಸುವುದು, ಹೀಗೇ ಇಪ್ಪತ್ತೊಂದು ವರ್ಷ ಕಳೆಯಿತು. ಈಗ ಅವರಿಗೆ ಎಪ್ಪತ್ತು. ಮುಂದಿನ ಹಲ್ಲು ಎರಡಿಲ್ಲ.

ತಮಟೆ ಹೊಡೆದ ಮಾರನೇ ದಿನ ರುದ್ರಮುನಿಯ ಹೋಟೆಲಿಗೆ ಹೋದೆ. ಊರಿನ ಬಾಯಿ ಅಲ್ಲಿರುತ್ತದೆ. ರುದ್ರಮುನಿಯ ಭರಣಿಯಲ್ಲಿ ಇದ್ದದ್ದೂ ಕೆರೆ ಏರಿಯೇ. ಇಡ್ಲಿ ಪಾತ್ರೆಯನ್ನು ಒಲೆಯ ಮೇಲಿಟ್ಟು ಭರಣಿಯ ಮುಚ್ಚಳ ತೆಗೆಯುತ್ತಿದ್ದ, ಹಾಡು ಮುಗಿಯಿತೆಂದರೆ ಇಡ್ಲಿ ಬೆಂದಿತು. ಇಪ್ಪತ್ತೈದು ವರ್ಷ ಒಂದು ಒಬ್ಬೆಯೂ ಹಸಿ ಉಳಿದದ್ದಿಲ್ಲ, ಬಿರುಕು ಬಿಟ್ಟದ್ದಿಲ್ಲ.

“ಯಾಕ್ ಬೇಕಿತ್ತು ಹನುಮಕ್ಕ ಈ ವಯಸ್ಸಲ್ಲಿ ಅವರಿಗೆ?” ಎಂದ ನನ್ನ ತಟ್ಟೆಗೆ ಚಟ್ನಿ ಸುರಿಯುತ್ತಾ. “ಇರೋ ಹೆಸರನ್ನ ಸಾರಿಸಿಕೊಂಡು ಹೋಗಾಕಾ? ನಾನು ಅಭಿಮಾನದಿಂದ ಹೇಳ್ತಾ ಇದೀನಿ, ಹೊಟ್ಟೆಕಿಚ್ಚಿಂದ ಅಲ್ಲ.”

“ಇನ್ನೂ ಕೇಳೇ ಇಲ್ವಲ್ಲಣ್ಣ.”

“ಕೇಳ್ಬೇಕಾ? ಹಲ್ಲಿಲ್ಲದ ಬಾಯಲ್ಲಿ ಏನ್ ಬರ್ತದೆ, ಗಾಳಿ ಬರ್ತದೆ.”

ಪಕ್ಕದ ಬೆಂಚಿನಲ್ಲಿ ಟೈಲರ್ ಸಮೀವುಲ್ಲಾ ಕೂತಿದ್ದ. ಹೊಸದಾಗಿ ಮದುವೆಯಾಗಿ ಬೇರೆ ಮನೆ ಮಾಡಿದ್ದ ಹುಡುಗ, ಅವನ ಭರಣಿ ಇನ್ನೂ ಅಂಗಡಿಯಿಂದ ತಂದ ಹಾಗೇ ಇತ್ತು. “ಗಾಳಿ ಬಂದ್ರೆ ಗಾಳೀನೇ ಹಿಡ್ಕೊಂತೀನಿ ರುದ್ರಣ್ಣ,” ಎಂದ. “ನಿಮ್ ಕೆರೆ ಏರಿ ನಮ್ಮಪ್ಪನ ಮನೇಲಿ ಕೇಳಿ ಕೇಳಿ ಕಿವಿ ಸವೆದೈತೆ. ಅದು ನಮ್ಮಪ್ಪಂದು. ಇದಾದ್ರೆ ನಂದಾಗ್ತದೆ.”

“ನಿನ್ದು ಹೊಸ ಭರಣಿ ಕಣಯ್ಯ, ಕಳ್ಕೊಳಾಕೆ ಏನೈತೆ ನಿಂಗೆ?” ಎಂದ ರುದ್ರಮುನಿ.

ಆ ಮಾತು ನನಗೆ ಮುಳ್ಳಿನ ಹಾಗೆ ಚುಚ್ಚಿಕೊಂಡಿತು. ಯಾಕೆಂದರೆ ಕಳೆದುಕೊಳ್ಳುವುದಕ್ಕೆ ನನ್ನ ಭರಣಿಯಲ್ಲಿ ಇದ್ದದ್ದು ಹಾಡು ಒಂದೇ ಆಗಿರಲಿಲ್ಲ.

ಹಾಡು ತುಂಬುವಾಗ ಮೈದಾನದಲ್ಲಿ ಯಾರೂ ಉಸಿರೆತ್ತಬಾರದು. ಕೆಮ್ಮು ಬಂದರೆ ನುಂಗಬೇಕು, ಕೂಸು ಅತ್ತರೆ ಎದ್ದು ಹೋಗಬೇಕು, ಬಳೆಗಳಿಗೆ ನಾವು ಹೆಂಗಸರು ಬಟ್ಟೆ ಸುತ್ತಿಕೊಂಡು ಬರುತ್ತೇವೆ. ಭರಣಿಯ ಹತ್ತಿರದ ಸದ್ದನ್ನು ಭರಣಿ ಒಳಗೆ ಎಳೆದುಕೊಳ್ಳುತ್ತದೆ. ಹಾಗೆ ಬೇರೆ ಸದ್ದು ಸೇರಿದ ಭರಣಿಗೆ ಕಲಬೆರಕೆ ಎನ್ನುತ್ತಾರೆ. ಅಂಥ ಭರಣಿ ಇರುವ ಮನೆಯವರು ನೆಂಟರ ಮುಂದೆ ಮುಚ್ಚಳ ತೆಗೆಯುವುದಿಲ್ಲ. ಊರಿಗೆಲ್ಲ ಭರಣಿ ತೊಳೆದುಕೊಡುವ ಹನುಮಕ್ಕನ ಮನೆಯದೇ ಕಲಬೆರಕೆ.

ಅದಾಗಿ ಮೂವತ್ತನಾಲ್ಕು ವರ್ಷ. ಮೂರನೇ ಕಟ್ಟಿನ ಐದನೇ ದಿನ. ನನಗೆ ಇಪ್ಪತ್ತನಾಲ್ಕು, ಅತ್ತೆಯಿಂದ ಬೇರೆ ಮನೆ ಮಾಡಿದ್ದೆವು. ಇಬ್ಬರೂ ಮುಂದಿನ ಸಾಲಿನಲ್ಲೇ ಕೂತಿದ್ದೆವು, ನನ್ನ ಮಡಿಲಲ್ಲಿ ಭರಣಿ, ಪಕ್ಕದಲ್ಲಿ ನಮ್ಮ ಮನೆಯವರು. ಅವರು ಕಡಲೆಕಾಯಿ ಮಂಡಿಯಲ್ಲಿ ತೂಕ ಹಾಕುವ ಕೆಲಸದಲ್ಲಿದ್ದರು, ಬೆಳಗಿನಿಂದ ಸಂಜೆಯ ತನಕ ನಿಂತೇ ಇರಬೇಕು. ಅವತ್ತು ನಾನೇ ಹಠ ಹಿಡಿದು ಮಂಡಿಯಿಂದ ನೇರ ಕರೆದುಕೊಂಡು ಬಂದಿದ್ದೆ. ಮೈದಾನ ಕಿಕ್ಕಿರಿದಿತ್ತು. ಕಾಲು ಚಾಚಲು ಜಾಗವಿಲ್ಲ. ಪಾತಲಿಂಗಪ್ಪನವರು ಮೊದಲನೇ ಚರಣ ಮುಗಿಸಿ ಎರಡನೆಯದಕ್ಕೆ ಮುಂಚೆ ಉಸಿರು ತೆಗೆದುಕೊಳ್ಳುವುದಕ್ಕೆ ಅರೆಗಳಿಗೆ ನಿಲ್ಲಿಸಿದರು ನೋಡಿ, ಸಾವಿರ ಜನ ಕಲ್ಲಿನ ಹಾಗೆ ಕೂತಿದ್ದಾರೆ, ಆಗ ನಮ್ಮ ಮನೆಯವರು ನನ್ನ ಕಿವಿಯ ಹತ್ತಿರ ಬಗ್ಗಿ ಹೇಳಿದರು:

“ಸೊಲ್ಪ ಜರುಗೇ, ಕಾಲು ಜೋಮು ಹಿಡೀತು.”

ಭರಣಿ ಗುಳುಂ ಎಂದು ನುಂಗಿಕೊಂಡಿತು.

ನಾನು ಅವರ ಜೊತೆ ಮೂರು ದಿನ ಮಾತಾಡಲಿಲ್ಲ. ಮುದ್ದೆಯನ್ನು ತಟ್ಟೆಗೆ ಕುಕ್ಕಿ ಬಂದೆ. ಅವರೋ, ಮೂರನೇ ದಿನ ತಾವೇ ಭರಣಿಯ ಮುಚ್ಚಳ ತೆಗೆದು, ತಮ್ಮ ದನಿ ಬಂದಾಗ ಕಿವಿ ಹಿಡಿದುಕೊಂಡು ಒಂದು ಬಸ್ಕಿ ಹೊಡೆದರು. ನಗದೇ ಇರಲು ಆಗಲಿಲ್ಲ. ತೊಳೆದು ಬೇರೆ ತುಂಬಿಸೋಣ ಎಂದು ವರ್ಷಾನುವರ್ಷ ಅಂದುಕೊಂಡೆವು, ಅದು ಹಾಗೇ ಉಳಿಯಿತು. ಹದಿನೈದು ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ ಮಂಡಿಯ ತಕ್ಕಡಿಯ ಪಕ್ಕದಲ್ಲೇ ಕುಸಿದು ಅವರು ಹೋದರು. ಒಂದು ಫೋಟೋ ಕೂಡ ತೆಗೆಸಿಕೊಂಡ ಮನುಷ್ಯ ಅಲ್ಲ. ಅವರದು ಅಂತ ನನಗೆ ಉಳಿದದ್ದು ಆ ನಾಲ್ಕು ಮಾತು. ದಿನಾ ಸಂಜೆ ದೀಪ ಹಚ್ಚಿ ಮುಚ್ಚಳ ತೆಗೆಯುತ್ತಿದ್ದೆ, ಅವರ ಮಾತು ಆಗುವ ತನಕ ಕೇಳಿ ಮುಚ್ಚುತ್ತಿದ್ದೆ. ಮಾರನೇ ದಿನ ಉಳಿದದ್ದು ಮುಗಿಸಿ, ಮೊದಲಿಂದ ಶುರುವಾಗಿ, ಮತ್ತೆ ಅಲ್ಲಿಗೆ.

ಹನ್ನೊಂದು ವರ್ಷದ ಹಿಂದೆ ಪಾತಲಿಂಗಪ್ಪನವರೇ ಒಂದು ದಿನ ನಮ್ಮ ಮನೆಗೆ ಭರಣಿ ತಂದಿದ್ದರು. ಅವರ ಮನೆಯ ಭರಣಿಯಲ್ಲೂ ಕೆರೆ ಏರಿಯೇ, ಅವರೇ ಹಾಡಿ ಅವರೇ ತುಂಬಿಕೊಂಡದ್ದು. ಒಂದು ತೊಟ್ಟು ಕಲಬೆರಕೆ ಇರಲಿಲ್ಲ, ಕಡೆಗೇಳಿಕೆಗೆ ತೆಗೆದರೆ ಎಳನೀರಿನ ಹಾಗೆ ಹರಿಯಿತು.

“ಇದನ್ನ ಯಾಕೆ ತೊಳೆಸ್ತೀರಿ ಸ್ವಾಮಿ? ಕೈ ಬರಲ್ಲ ನಂಗೆ,” ಎಂದೆ.

“ಈ ಹುಡುಗನ ಜೊತೆ ಬಾಳಾಕೆ ಆಗ್ತಿಲ್ಲ ತಾಯಿ,” ಎಂದರು. “ನಾನೇನು ಕಟ್ಟಿದ್ರೂ ಒಳಗಿಂದ ಇವನು ನಗ್ತಾನೆ. ನನ್ನ ಅಂಗಡೀಗೆ ಬರೋರೆಲ್ಲ ಇವನನ್ನೇ ಕೇಳ್ಕೊಂಡು ಬರ್ತಾರೆ. ತೊಳೀರಿ.”

ತೊಳೆದೆ. ಹುಣಸೆ ಹಾಕಿ ಉಜ್ಜುತ್ತಿದ್ದರೆ ಕೈಯೊಳಗಿಂದ ಏನೋ ಜಾರಿದ ಹಾಗಾಯಿತು. ಖಾಲಿ ಭರಣಿಯನ್ನು ಬಿಸಿಲಿಗಿಟ್ಟು ಬಂದು, ಅವರ ಮುಖ ನೋಡಲಾಗದೆ, ಚಹಾ ಕೊಟ್ಟು, “ನಮ್ಮನೇದೂ ಅದೇ ಹಾಡು, ಕೇಳ್ತೀರಾ? ಆದ್ರೆ ನಮ್ದು ಕಲಬೆರಕೆ, ನಗಬಾರದು” ಎಂದು ನಮ್ಮ ಭರಣಿಯ ಮುಚ್ಚಳ ತೆಗೆದೆ. ಯಾಕೆ ತೆಗೆದೆನೋ, ಯಾರ ಮುಂದೆಯೂ ತೆಗೆದವಳಲ್ಲ. ನಮ್ಮ ಮನೆಯವರ ಮಾತು ಬಂತು. ಪಾತಲಿಂಗಪ್ಪನವರ ಕೈಯ ಲೋಟ ನಿಂತಿತು. ಹಾಡು ಮುಗಿದ ಮೇಲೆ, “ಇನ್ನೊಂದ್ಸಲ” ಎಂದರು. ಆಮೇಲೆ, “ಇನ್ನೊಂದೇ ಸಲ.” ಮೂರು ಸಲ ಕೇಳಿದ ಮೇಲೆ, ಹಾಡಿನ ಬಗ್ಗೆ ಒಂದು ಮಾತೂ ಆಡದೆ, ಒಂದೇ ಒಂದು ಪ್ರಶ್ನೆ ಕೇಳಿದರು.

“ಆಮೇಲೆ ನೀವು ಜರುಗಿದ್ರಾ?”

“ಇಲ್ಲ ಸ್ವಾಮಿ,” ಎಂದೆ. “ಹಾಡು ತುಂಬ್ತಾ ಇತ್ತು. ಹೆಂಗೆ ಜರುಗ್ಲಿ?”

ಅವರು ತಲೆದೂಗಿದರು. ಚಹಾ ಆರಿಹೋಗಿತ್ತು, ಹಾಗೆಯೇ ಕುಡಿದು ಹೋದರು.

ಸೋಮವಾರ ಬಂತು. ಹಾಡುವವರ ಮುಂದೆ ತೊಳೆಯುವವಳ ಭರಣಿಯನ್ನು ಇಡುವುದು ನಮ್ಮೂರ ಪದ್ಧತಿ, ಮೊದಲೆಲ್ಲ ಅತ್ತೆಯದನ್ನು ಇಡುತ್ತಿದ್ದರು. ತುಂಬಿದ ಭರಣಿಯೇ ಆಗಬೇಕು, ಬಾಯಿ ಬಿಗಿಯಾಗಿ ಕಟ್ಟಿರಬೇಕು. ಅದೊಂದು ಶಕುನ. ಹಾಗಾಗಿ ಒಂಬತ್ತು ದಿನವೂ ನನ್ನ ಭರಣಿ ಅವರ ಪಾದದ ಹತ್ತಿರ, ನಾನು ಅದರ ಪಕ್ಕದಲ್ಲಿ. ಮೈದಾನದ ತುಂಬ ಜನ. ಹಾಡು ಬೇಕಿಲ್ಲದಿದ್ದರೂ ನೋಡುವುದು ಯಾರಿಗೆ ಬೇಡ? ಆದರೆ ತೆರೆದ ಭರಣಿಗಳು ನಾಲ್ಕೇ ನಾಲ್ಕು, ಎಲ್ಲವೂ ಇನ್ನೂ ಹಾಡು ಕಾಣದ ಹೊಸವು, ಅದರಲ್ಲೊಂದು ಸಮೀವುಲ್ಲಾನದು. ಯಾರ ಭರಣಿಯಲ್ಲೂ ಕೂರದ ಹಾಡು ಹಾಡಿದವರ ಬಾಯಲ್ಲೂ ನಿಲ್ಲುವುದಿಲ್ಲ, ಮಾರನೇ ಬೆಳಿಗ್ಗೆ ಬಾಯಿ ತೆರೆದರೆ ಬರೀ ಆಕಳಿಕೆ. ಪಾತಲಿಂಗಪ್ಪನವರು ಆ ನಾಲ್ಕನ್ನು ಕಣ್ಣಲ್ಲೇ ಎಣಿಸಿಕೊಂಡರು.

ಮೊದಲ ದಿನದ ಹಾಡು ಮಂಡಿನೋವಿನದು. ಮೆಟ್ಟಿಲೇ ಮೆಟ್ಟಿಲೇ, ಮೊದಲು ನೀನು ಇಷ್ಟು ಎತ್ತರ ಇದ್ದಿಲ್ಲ, ಎಂದು ಶುರು. ನಿಜ ಹೇಳಿಬಿಡುತ್ತೇನೆ, ನನಗೂ ಹಿಡಿಸಲಿಲ್ಲ. ಕಾಸಿದ ಬೆಲ್ಲ ಎಲ್ಲಿಗೆ ಹೋಯಿತು? ದನಿ ಒಣಗಿದ ಚಕ್ಕೆಯ ಹಾಗೆ, ಸಾಲಿನ ಕೊನೆಗೆ ಉಸಿರು ಸಾಲದು. ಸಾಲು ಸಾಲಿನ ನಡುವೆ ನಿಲ್ಲಿಸುತ್ತಿದ್ದರು. ಸುಮ್ಮನೆ ನಿಲ್ಲಿಸುವುದು, ನಮ್ಮ ಕಡೆ ನೋಡುವುದು, ಆಮೇಲೆ ಮುಂದಿನ ಸಾಲು.

“ಮರ್ತೋಗ್ತಾ ಐತೆ ಪಾಪ,” ಎಂದು ನನ್ನ ಹಿಂದೆ ಯಾರೋ ಪಿಸುಗುಟ್ಟಿದರು.

ಮಾರನೇ ಬೆಳಿಗ್ಗೆಯಿಂದ ಊರು ಎರಡಾಯಿತು. ರುದ್ರಮುನಿಯ ಹೋಟೆಲಿನಲ್ಲಿ ಬೈಯುವವರ ಬೆಂಚು, ಹೊಗಳುವವರ ಬೆಂಚು ಬೇರೆಬೇರೆಯಾದವು. ಹೂ ಮಾರುವ ಸುಂಕಮ್ಮನ ಮನೆಯಲ್ಲಿ ಗಂಡ ಹೆಂಡತಿಯೇ ಎರಡು ಬೆಂಚಾದರು. ಎರಡನೇ ದಿನ ಅವಳು ಬುಟ್ಟಿಯಲ್ಲಿ ಹೂವಿನ ಕೆಳಗೆ ಭರಣಿ ಬಚ್ಚಿಟ್ಟುಕೊಂಡು ನನ್ನ ಹತ್ತಿರ ಬಂದಳು. ಹಿಂದೆಯೇ ಅವಳ ಗಂಡ ಬೋಮಣ್ಣ ಓಡಿಬಂದ.

“ಅಕ್ಕ, ಮುಟ್ಟಬೇಡ ಅದನ್ನ! ನಮ್ಮ ಮದುವೆ ವರ್ಷ ತುಂಬಿಸಿದ ಹಾಡು ಅದು. ಮದುವೆ ತೊಳೀತಾಳಂತೆ ಇವ್ಳು!”

“ಮದುವೆ ಯಾರು ತೊಳೀತಾರೆ, ಅದರ ಕಲೆ ಎಲ್ಲಿ ಹೋಗ್ತದೆ,” ಎಂದಳು ಸುಂಕಮ್ಮ. “ಮೂವತ್ತನಾಲ್ಕು ವರ್ಷದಿಂದ ಕೆರೆ ಏರಿ ಮ್ಯಾಲೆ ಯಾವಳೋ ಕೈ ಬೀಸ್ತಾ ನಿಂತವಳೆ. ಅವಳಿಗೆ ಕೈ ನೋಯಲ್ವಾ? ನನ್ನ ಮಂಡಿ ಬಗ್ಗೆ ಇವತ್ತಿನವರೆಗೂ ಯಾರಾದ್ರೂ ಒಂದು ಮಾತು ಹಾಡಿದ್ರಾ? ನೀನು ಕೇಳಿದ್ಯಾ, ಮಂಡಿ ಹೆಂಗೈತೆ ಅಂತ?”

ಬೋಮಣ್ಣ ಕಡೆಗೇಳಿಕೆಗೆ ಕೂತ. ಹಾಡು ಮುಗಿಯುವ ಹೊತ್ತಿಗೆ ಅವನ ಕಣ್ಣು ಒದ್ದೆಯಾಗಿತ್ತು, ಅವಳ ಕಣ್ಣೂ ಒದ್ದೆಯಾಗಿತ್ತು, ಇಬ್ಬರೂ ಬೇರೆ ಬೇರೆ ಕಡೆ ನೋಡುತ್ತಿದ್ದರು. “ತೊಳಿ ಅಕ್ಕ,” ಎಂದವನು ಕೊನೆಗೆ ಬೋಮಣ್ಣನೇ. ಮಂಡಿಯ ಹಾಡು ಆಗಲೇ ಹಾಡಿ ಆಗಿತ್ತು, ಎರಡನೇ ಸಲ ಹಾಡಿದ್ದು ಕೂರುವುದಿಲ್ಲ. ಅವಳಿಗೆ ಸಿಕ್ಕಿದ್ದು ಮಾರನೇ ದಿನದ್ದು, ಹೆಸರು ಮರೆತುಹೋದ ಗೆಳೆಯನನ್ನು ಬೀದಿಯಲ್ಲಿ ಕಂಡು ‘ಏಯ್, ಏಯ್’ ಎಂದಷ್ಟೇ ಕೂಗುವ ಹಾಡು. ಅದರಲ್ಲಿ ಪಾತಲಿಂಗಪ್ಪನವರು ನಿಲ್ಲಿಸಿದಾಗ ಬೋಮಣ್ಣ ತಡೆಯಲಾರದೆ, “ಓ!” ಎಂದುಬಿಟ್ಟ. ಅವರ ಭರಣಿಯೂ ಕಲಬೆರಕೆಯಾಯಿತು. ಸುಂಕಮ್ಮ ಅವನ ಬೆನ್ನಿಗೆ ಗುದ್ದಿದಳು. ಪಾತಲಿಂಗಪ್ಪನವರು ಹಾಡುತ್ತಲೇ ನಕ್ಕರು. ಈ ಒಂಬತ್ತು ದಿನದಲ್ಲಿ ಅವರು ನಕ್ಕದ್ದು ಅದೊಂದೇ ಸಲ.

ನನಗೆ ಆಗ ಸಂದೇಹ ಬಂತು. ನಾಲ್ಕನೇ ದಿನದಿಂದ ಹಾಡಿಗಿಂತ ಹೆಚ್ಚಾಗಿ ಆ ಬಿಡುವುಗಳನ್ನೇ ಕೇಳತೊಡಗಿದೆ. ದಿನದಿಂದ ದಿನಕ್ಕೆ ಅವು ಉದ್ದವಾಗುತ್ತಿದ್ದವು. ಮರೆತವರು ಹಾಗೆ ನಿಲ್ಲುವುದಿಲ್ಲ, ತಡಕಾಡುತ್ತಾರೆ, ತುಟಿ ಒದ್ದೆ ಮಾಡಿಕೊಳ್ಳುತ್ತಾರೆ. ಇವರು ಬಾಗಿಲು ತೆಗೆದು ಪಕ್ಕಕ್ಕೆ ನಿಂತವರ ಹಾಗೆ ನಿಲ್ಲುತ್ತಿದ್ದರು. ಆದರೆ ನಾವು ಹುಟ್ಟಿದಾಗಿನಿಂದ ಉಸಿರು ಬಿಗಿಹಿಡಿದು ಕಲಿತ ಜನ. ಒಳಗೆ ಬನ್ನಿ ಎಂದರೂ ಹೊಸ್ತಿಲಲ್ಲೇ ನಿಲ್ಲುವವರು. ಭರಣಿಗಳು ಕಡಿಮೆಯಾಗುತ್ತಾ ಬಂದವು. ಎಂಟನೇ ದಿನ ಒಂದೇ ಒಂದು ಭರಣಿ, ಅದೂ ಪರವೂರಿಂದ ಬಂದು ನೆಲೆಸಿದ ಒಬ್ಬ ಮಾಸ್ತರರದು.

ಒಂಬತ್ತನೇ ದಿನ ಬೆಳಿಗ್ಗೆ ಬಾಗಿಲು ತಟ್ಟಿದ ಸದ್ದಾಯಿತು. ತೆಗೆದರೆ ರುದ್ರಮುನಿ. ಟವೆಲಿನಲ್ಲಿ ಸುತ್ತಿದ ಭರಣಿ ಕಂಕುಳಲ್ಲಿತ್ತು.

“ಒಳಗೆ ಬಿಡು ಮೊದ್ಲು, ಯಾರಾದ್ರೂ ನೋಡ್ತಾರೆ,” ಎಂದು ನುಗ್ಗಿದ. ಕೂತ. ಬೆವರು ಒರೆಸಿಕೊಂಡ. “ನಿನ್ನೆ ಇಡ್ಲಿ ಇಟ್ಟು ಹಾಡು ಹಾಕಿದೆ ಹನುಮಕ್ಕ. ಅರ್ಧ ಆದಮೇಲೆ ಗೊತ್ತಾಯ್ತು, ನಾನು ಕೇಳ್ತಾನೇ ಇಲ್ಲ. ಇಪ್ಪತ್ತೈದು ವರ್ಷದಿಂದ ಕೇಳಿಲ್ಲ. ಅದು ಗಡಿಯಾರ ಆಗೋಗೈತೆ. ಎಂಟು ದಿನದಿಂದ ಆ ಮುದುಕಪ್ಪನ್ನ ಬೈತಾ ಇದೀನಿ ನೋಡು, ಬೈಯಾಕಾದ್ರೂ ಒಂದೊಂದು ಸಾಲೂ ಕಿವಿಗೊಟ್ಟು ಕೇಳಿದೀನಿ.” ಭರಣಿಗೆ ಸುತ್ತಿದ ಟವೆಲು ಬಿಚ್ಚುತ್ತಾ, “ನಂಗೆ ಹಿಡಿಸಿಲ್ಲ, ಅದು ಬೇರೆ ಮಾತು. ಆದ್ರೆ ಯಾರೂ ಹಿಡ್ಕೊಳ್ದೆ ಹೋದ್ರೆ ನಾಳೆ ಬೆಳಿಗ್ಗೆ ಅವರ ಬಾಯಿಂದಾನೂ ಹೋಗ್ತದಲ್ಲ. ಬೈಯಾಕಾದ್ರೂ ಇರಬೇಕಲ್ಲ,” ಎಂದ.

ಅವನ ಭರಣಿ ತೊಳೆದೆ. ಅವನ ಹಿಂದೆ ಇನ್ನೂ ನಾಲ್ವರು ಬಂದರು, ಒಬ್ಬರಿಗೊಬ್ಬರು ಕಾಣದ ಹಾಗೆ ಹಿತ್ತಿಲ ಬಾಗಿಲಿನಿಂದ. ಒಟ್ಟು ಐದು. ಎಲ್ಲವನ್ನೂ ಬಿಸಿಲಿಗೆ ಕವುಚಿಟ್ಟು ನನ್ನ ಭರಣಿಯ ಮುಂದೆ ಕೂತೆ. ತೊಳೆಯೋಣವೇ ಎಂಬ ಯೋಚನೆ ಬಂದದ್ದು ನಿಜ. ಮುಚ್ಚಳ ತೆಗೆದೆ. ನಿನ್ನೆ ಉಳಿದದ್ದು ಮುಗಿದು ಮೊದಲನೇ ಚರಣ ಬಂತು, ಕೈಬೀಸಿದಳು, ಗಾಳಿ ನಿಲ್ಲಲಿಲ್ಲ, ಇನ್ನೇನು ಪಾತಲಿಂಗಪ್ಪನವರು ಉಸಿರು ತೆಗೆದುಕೊಳ್ಳಬೇಕು, ನನ್ನ ಕೈ ತಾನಾಗಿಯೇ ಮುಚ್ಚಳ ಮುಚ್ಚಿತು. ಇವತ್ತು ಅವರ ಮಾತು ಕೇಳಿದರೆ ಅದೇ ಕಡೆಗೇಳಿಕೆ ಆಗಿಬಿಡುತ್ತದೆ ಎನ್ನಿಸಿತು. ಬಾಯಿಗೆ ಬಟ್ಟೆ ಬಿಗಿದು ಕಟ್ಟಿದೆ. ತೊಳೆಯುವುದಿಲ್ಲ ಎಂದು ಗಟ್ಟಿಮನಸ್ಸು ಮಾಡಿಕೊಂಡೇ ಮೈದಾನಕ್ಕೆ ಹೋದೆ.

ಅವತ್ತು ಮೈದಾನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಮುಂದಿನ ಸಾಲಿನಲ್ಲಿ ಐದು ಭರಣಿ. ರುದ್ರಮುನಿ ಟವೆಲನ್ನು ತಲೆಯ ಮೇಲೆ ಹೊದ್ದುಕೊಂಡು ಕೂತಿದ್ದ, ಊರಿಗೆಲ್ಲ ಗುರುತು ಸಿಕ್ಕಿತ್ತು. ಬಿಸಿಲು ಇಳಿದು ಹುಣಸೆಮರದ ನೆರಳು ನಮ್ಮ ತನಕ ಬಂದಾಗ ಪಾತಲಿಂಗಪ್ಪನವರು ಎದ್ದು ನಿಂತರು. ಯಾವ ಪೀಠಿಕೆಯೂ ಇಲ್ಲ.

ಇದ್ದದ್ದೆಲ್ಲ ಹಾಡಿಬಿಟ್ಟೆ, ಎದೆಯ ಗೂಡು ಖಾಲಿ. ಇಲ್ಲೊಂದಿಷ್ಟು ಜಾಗ ಐತೆ, ನೀವೇ ಬಂದು ಕೂರಿ.

ಅಷ್ಟು ಹಾಡಿ ನಿಲ್ಲಿಸಿದರು.

ನಿಂತರು. ಇನ್ನೂ ನಿಂತೇ ಇದ್ದರು. ನಾನು ಮನಸ್ಸಿನಲ್ಲಿ ಹತ್ತು ಎಣಿಸಿದೆ, ಇಪ್ಪತ್ತು ಎಣಿಸಿದೆ. ಜನ ಮಿಸುಕಾಡತೊಡಗಿದರು. ಹಿಂದಿನಿಂದ ಒಬ್ಬ, “ಮರ್ತೋಯ್ತಾ ಯಜಮಾನ್ರೆ?” ಎಂದ. ಇನ್ನೊಬ್ಬ, “ಕೆರೆ ಏರಿ ಹಾಡ್ರೀ, ಅದಾದ್ರೆ ಮರೆಯಲ್ಲ!” ಎಂದು ಕೂಗಿದ. ಮೈದಾನದ ಆ ತುದಿಯಿಂದ ನಗು ಶುರುವಾಗಿ ನಮ್ಮ ಕಡೆಗೆ ಉರುಳಿಬರುತ್ತಿತ್ತು. ಹತ್ತಿರ ಬಂದರೆ ಭರಣಿಗಳು ಆ ನಗುವನ್ನೇ ನುಂಗುತ್ತವೆ. ಐದು ಭರಣಿಗಳಲ್ಲಿ ಒಂದರ ಬಾಯಿ ಆಗಲೇ ಮುಚ್ಚಿತು. ಇನ್ನೊಬ್ಬಾಕೆ ಬಟ್ಟೆ ಹುಡುಕುತ್ತಿದ್ದಳು. ರುದ್ರಮುನಿ ಮುಚ್ಚಳವನ್ನು ಕೈಯಲ್ಲಿ ಹಿಡಿದುಕೊಂಡು ನನ್ನನ್ನು ನೋಡಿದ, ಏನು ಮಾಡಲಿ ಎನ್ನುವ ಹಾಗೆ.

ನಾನು ಪಾತಲಿಂಗಪ್ಪನವರನ್ನು ನೋಡಿದೆ. ಅವರು ಜನರನ್ನು ನೋಡುತ್ತಿರಲಿಲ್ಲ, ನನ್ನನ್ನೂ ನೋಡುತ್ತಿರಲಿಲ್ಲ. ಅವರ ಕಣ್ಣು ಇದ್ದದ್ದು ಪಾದದ ಹತ್ತಿರದ ನನ್ನ ಭರಣಿಯ ಮೇಲೆ. ಕೇಳುವ ನೋಟ ಅಲ್ಲ ಅದು. ಎದುರಿಗೆ ಹಿರಿಯರು ಬಂದಾಗ ಎದ್ದು ನಿಂತು, ಅವರು ಕೂರಲಿ ಎಂದು ಕಾಯುತ್ತೇವಲ್ಲ, ಹಾಗೆ ನಿಂತಿದ್ದರು. ಹನ್ನೊಂದು ವರ್ಷದಿಂದ ಈ ಮನುಷ್ಯ ಕಟ್ಟಿದ ಒಂದೊಂದು ಹಾಡಿನಲ್ಲೂ ನಮ್ಮ ಮನೆಯವರಿಗೆ ಜಾಗ ಬಿಟ್ಟುಕೊಂಡು ಬಂದಿದ್ದಾನೆ ಎಂದು ನನಗೆ ಆಗ ಹೊಳೆಯಿತು.

ಕಟ್ಟಿದ್ದ ಬಟ್ಟೆಯನ್ನು ಯಾವಾಗ ಬಿಚ್ಚಿದೆನೋ ಗೊತ್ತಿಲ್ಲ. “ಹನುಮಕ್ಕ, ಬಯಲು! ಬಯಲಲ್ಲಿದೀಯ!” ಎಂದು ಸುಂಕಮ್ಮ ಹಿಂದಿನಿಂದ ಕಿರುಚಿದ್ದು ಕೇಳಿಸಿತು. ಮುಚ್ಚಳ ತೆಗೆದೆ.

“ಸೊಲ್ಪ ಜರುಗೇ, ಕಾಲು ಜೋಮು ಹಿಡೀತು.”

ಮನೆಯಲ್ಲಿ ಅದು ಸಣ್ಣ ದನಿ. ಬಯಲಲ್ಲಿ ಅವರು ಎದ್ದು ನಿಂತು ಹೇಳಿದ ಹಾಗಿತ್ತು. ಉರುಳಿಬರುತ್ತಿದ್ದ ನಗು ಅಲ್ಲೇ ನಿಂತಿತು. ಸಾವಿರ ಜನರಲ್ಲಿ ಒಬ್ಬರೂ ಅದು ಯಾರೆಂದು ಕೇಳಲಿಲ್ಲ. ವಯಸ್ಸಾದವರಿಗೆ ಗುರುತು ಸಿಕ್ಕಿತ್ತು, ಕಡಲೆಕಾಯಿ ಮಂಡಿಯ ಹಮಾಲರಲ್ಲಿ ಇಬ್ಬರು ಟೋಪಿ ತೆಗೆದರು. ಆ ಮಾತಿನ ಹಿಂದೆಯೇ ನನ್ನ ಭರಣಿಯಿಂದ ಎರಡನೇ ಚರಣ ಹೊರಟಿತು, ಮೂವತ್ತನಾಲ್ಕು ವರ್ಷದ ಹಿಂದಿನ ಪಾತಲಿಂಗಪ್ಪ, ಕಾಸಿದ ಬೆಲ್ಲ. ಎದುರಿಗೆ ನಿಂತ ಮುದುಕ ಪಾತಲಿಂಗಪ್ಪ ಅವನನ್ನು ಕೇಳಿದರು. ಮುನಿಸಿಕೊಳ್ಳಲಿಲ್ಲ. ಒಂದು ಸಾಲು ಅವನಿಗೆ ಬಿಟ್ಟುಕೊಟ್ಟು, ಆಮೇಲೆ ತಮ್ಮ ಹರಿದ ದನಿಯಲ್ಲಿ ತಮ್ಮ ಹೊಸ ಚರಣ ಎತ್ತಿಕೊಂಡರು. ಅರೆಗಳಿಗೆ ಇಬ್ಬರೂ ಒಟ್ಟಿಗೆ ಹಾಡಿದರು. ಆಮೇಲೆ ಹುಡುಗನ ದನಿ ತೆಳುವಾಗುತ್ತಾ, ಹುಣಸೆಮರದ ಮೇಲಿಂದ, ಕೆರೆಯ ಕಡೆಗೆ ಹೊರಟುಹೋಯಿತು. ಮುದುಕರು ಹಾಡು ಮುಗಿಸಿದರು. ನಾಲ್ಕು ಭರಣಿಗಳ ಬಾಯಿ ತೆರೆದೇ ಇದ್ದವು.

ನನ್ನದು ಖಾಲಿಯಾಯಿತು. ಮನೆಗೆ ತಂದು ಮುಚ್ಚಳ ತೆಗೆದರೆ ಭರಣಿಯ ಸದ್ದಷ್ಟೇ, ಖಾಲಿ ಕೊಡಕ್ಕೆ ಕಿವಿಯಿಟ್ಟ ಹಾಗೆ. ಆ ಸಂಜೆ ದೀಪ ಹಚ್ಚಿ ಬಹಳ ಹೊತ್ತು ಅತ್ತೆ. ಸುಳ್ಳು ಯಾಕೆ, ಪಾತಲಿಂಗಪ್ಪನವರನ್ನು ಬೈದೆ, ನನ್ನನ್ನೂ ಬೈದುಕೊಂಡೆ. ಮಾರನೇ ದಿನ ಅವರು ಬಂದು ಜಗುಲಿಯ ಮೇಲೆ ಕೂತರು. ನನ್ನ ಸ್ಟವ್ವು ಉರಿ ಕಡಿಮೆ ಎಂದು ಯಾವಾಗಲೋ ಹೇಳಿದ್ದೆ, ಅದನ್ನು ಬಿಚ್ಚಿ, ಪಿನ್ನು ಹಾಕಿ, ಹಚ್ಚಿ ತೋರಿಸಿ ಎದ್ದರು. ಹೊರಡುವಾಗ, “ನಾನು ಕಟ್ಟಿದ್ರಲ್ಲಿ ಅದೊಂದು ಸಾಲೇ ನಂದಲ್ಲ. ಜನ ಅದೊಂದನ್ನೇ ಹಾಡ್ತಾರೆ ನೋಡ್ತಿರಿ” ಎಂದರು.

ಊರು ಇನ್ನೂ ಎರಡಾಗಿಯೇ ಇದೆ. ಎಂಟನೇ ಕಟ್ಟು ಕಟ್ಟೇ ಅಲ್ಲ ಎನ್ನುವವರು ಇದ್ದಾರೆ, ಅದೊಂದೇ ಕಟ್ಟು ಎನ್ನುವವರೂ ಇದ್ದಾರೆ. ಸಮೀವುಲ್ಲಾ ಹೊಲಿಗೆ ಮಿಷನ್ ತುಳಿಯುತ್ತಾ ಮಂಡಿಯ ಹಾಡು ಕೇಳುತ್ತಾನೆ, ಅವನ ಮಂಡಿಗೆ ಇನ್ನೂ ಇಪ್ಪತ್ತೇಳು ವರ್ಷ. ಬೋಮಣ್ಣನ “ಓ!” ಬಂದಾಗಲೆಲ್ಲ ಸುಂಕಮ್ಮ ನಗುತ್ತಾಳೆ. ನನ್ನ ಭರಣಿಯನ್ನು ನಾನು ತೊಳೆದಿಲ್ಲ, ಬೇರೆ ಏನನ್ನೂ ತುಂಬಿಸಿಲ್ಲ. 

ರುದ್ರಮುನಿಗೆ ಮೊದಲು ಬಹಳ ಕಷ್ಟವಾಯಿತು. ಒಂಬತ್ತನೇ ಹಾಡು ಕೆರೆ ಏರಿಗಿಂತ ಉದ್ದ, ಬಿಡುವು ಜಾಸ್ತಿ. ವಾರವೆಲ್ಲ ಇಡ್ಲಿ ಕಲ್ಲಾಯಿತು. ಬೈಯುತ್ತಲೇ ಹಿಟ್ಟಿಗೆ ಒಂದು ಹಿಡಿ ಅವಲಕ್ಕಿ ಸೇರಿಸಿ ಹದ ಹಿಡಿದ. ಈಗ ಆ ಇಡ್ಲಿಗೋಸ್ಕರವೇ ಜನ ಬರುತ್ತಾರೆ, ಹೋಟೆಲಿನ ಎರಡೂ ಬೆಂಚು ಬೆಳಿಗ್ಗೆ ಏಳಕ್ಕೇ ತುಂಬಿರುತ್ತವೆ. ನಾನೂ ಹೋಗುತ್ತೇನೆ. ಮೊದಮೊದಲು ವಾರಕ್ಕೊಮ್ಮೆ, ಈಗ ದಿನಾ. ಒಲೆಯ ಮೇಲೆ ಪಾತ್ರೆ ಇಟ್ಟು ರುದ್ರಮುನಿ ಭರಣಿಯ ಮುಚ್ಚಳ ತೆಗೆಯುತ್ತಾನೆ. ಎದೆಯ ಗೂಡು ಖಾಲಿ, ಎನ್ನುತ್ತಾರೆ ಪಾತಲಿಂಗಪ್ಪನವರು. ನೀವೇ ಬಂದು ಕೂರಿ, ಎನ್ನುತ್ತಾರೆ. ಹೋಟೆಲಿನಲ್ಲಿ ಎಲ್ಲರ ಕೈ ತಟ್ಟೆಯ ಮೇಲೆ ನಿಲ್ಲುತ್ತದೆ. ಅಲ್ಲಿ ನಮ್ಮ ಮನೆಯವರು ಬಗ್ಗಿ, ಯಾರ ಹಂಗೂ ಇಲ್ಲದೆ, ಜಾಗ ಕೇಳುತ್ತಾರೆ.

ಬೆಂಚಿನಲ್ಲಿ ಕೂತವರೆಲ್ಲ, ಬೈಯುವವರೂ ಹೊಗಳುವವರೂ, ತಮಗೇ ಗೊತ್ತಿಲ್ಲದ ಹಾಗೆ ಒಂದೊಂದು ಗೇಣು ಪಕ್ಕಕ್ಕೆ ಸರಿಯುತ್ತಾರೆ. ನಾನು ತಟ್ಟೆ ಕೈಯಲ್ಲಿ ಹಿಡಿದುಕೊಂಡು, ಸೀರೆ ಒಟ್ಟು ಮಾಡಿಕೊಂಡು, ಒಬ್ಬರು ಕೂರುವಷ್ಟು ಜಾಗ ಬಿಟ್ಟು, ಜರುಗುತ್ತೇನೆ.